ನಿನ್ನ ಮದುವೆಯ ದಿನ ಹೊರಡದ ಗಾಡಿ

ಎಂ.ಸಿ.ಸಿ. ಬಡಾವಣೆ, ‘ಬಿ’ ಬ್ಲಾಕ್
ದಾವಣಗೆರೆ

ಚಿ. ಸೌ. ವಾಣಿಗೆ,

‘ಸೌ’ ಎಂದು ಬರೆಯುವಾಗ ಪೆನ್ನು ಒಂದು ಗಳಿಗೆ ನಿಂತಿತು. ನನ್ನ ಮಗ ನಾಗಭೂಷಣ ಹೋದ ಮೇಲೆ ನಿನ್ನ ಹೆಸರಿನ ಮೊದಲು ಆ ಅಕ್ಷರ ಬರೆಯುವ ಪ್ರಸಂಗ ಬಂದಿರಲಿಲ್ಲ. ಈಗ ಬಂದಿದೆ, ಬರೆದಿದ್ದೇನೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಅರ್ಧ ಹೇಳುವಷ್ಟರಲ್ಲಿ ನೀನು “ಇರ್ಲಿ ಬಿಡ್ರಿ ಅತ್ತೆ” ಅನ್ನುತ್ತೀಯ, ನಾನು “ಸರಿ ಬಿಡು” ಅನ್ನುತ್ತೇನೆ, ಇಬ್ಬರೂ ಫೋನ್ ಇಡುತ್ತೇವೆ. ನಮ್ಮಿಬ್ಬರ ಮಾತು ಯಾವತ್ತೂ ಅಷ್ಟೇ. ಹೈಸ್ಕೂಲು ಮುಗಿಸಿದವಳು ನಾನು, ನಾಲ್ಕು ಪುಟ ಬರೆಯಲು ಬರುತ್ತದೆ. ಈ ಮದುವೆಯಾದ ಮೇಲೆ ನೀನು ಒಂದು ಸಲವೂ ಫೋನ್ ಮಾಡಿಲ್ಲ. ಯಾಕೆಂದು ನನಗೆ ಗೊತ್ತು. ಅತ್ತೆ ಬರಲಿಲ್ಲ, ಅತ್ತೆಗೆ ಮನಸ್ಸಿರಲಿಲ್ಲ ಎಂದು ತಿಳಿದಿದ್ದೀಯ. ಪೂರ್ತಿ ಓದು, ಆಮೇಲೆ ಏನು ಬೇಕಾದರೂ ತಿಳಿ.

ರಾಣೆಬೆನ್ನೂರಿನ ಅರುಣ್ ಕುಮಾರರ ವಿಷಯ ಹೇಳಲು ನೀನು ನಿನ್ನ ತವರು ಹರಿಹರದಿಂದ ಬಂದ ದಿನ ನಾನು ನಡುಮನೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆ. “ನೀವು ಒಪ್ಪಿದ್ರೆ ಮಾತ್ರ ಅತ್ತೆ, ಇಲ್ಲಾಂದ್ರೆ ಬ್ಯಾಡ” ಎಂದೆ ನೀನು. ನಾನು ಮೊರದಿಂದ ತಲೆ ಎತ್ತಲಿಲ್ಲ. ಎತ್ತಿದ್ದರೆ ನನ್ನ ಮುಖ ನೀನು ನೋಡುತ್ತಿದ್ದೆ, ಅದು ನನಗೆ ಬೇಕಿರಲಿಲ್ಲ. “ಭೂಷಣನ ಗಾಡಿಯಾಗೆ ಬರ್ತೀನಿ. ಅಕ್ಷತೆ ನಾನೇ ಹಾಕ್ತೀನಿ” ಎಂದೆ. ನೀನು ಕಾಲು ಮುಟ್ಟಿ ಹೋದೆ. ಒಪ್ಪಿಗೆ ಅಂದರೆ ಅಷ್ಟೇ. ಆ ಗಾಡಿ ಮದುವೆ ನಡೆಯುವ ಹರಿಹರದ ಮಠದ ಬಾಗಿಲಿಗೆ ಬಂದು ನಿಂತರೆ ನಾನೂ ಒಪ್ಪಿದ್ದೇನೆ, ಅವನೂ ಒಪ್ಪಿದ್ದಾನೆ ಎಂದು ಅರ್ಥ. ಬಾರದಿದ್ದರೆ ಏನರ್ಥ ಎಂದು ನಾವು ಮಾತಾಡಿರಲಿಲ್ಲ. ಮಾತಾಡುವ ಅಗತ್ಯವೂ ಇರಲಿಲ್ಲ.

ನಿಮ್ಮ ಮಾವನ ತಂಗಿ ಅಕ್ಕನಾಗಮ್ಮನ ಬಾಯಿ ನಿನಗೆ ಗೊತ್ತಲ್ಲ. “ಮಗನ್ನ ಕಳ್ಕಂಡಾಕಿ ಸೊಸೆ ಮದುವಿಗೆ ಹೋಗ್ತೀಯೇನ್ ಅತ್ತಿಗೆ? ಅದೂ ಅವನ್ದೇ ಕಾರಾಗೆ? ಜನ ಏನಂದಾರು?” ಎಂದಳು. ಜನ ಏನಂದಾರು ಎಂದು ಕೇಳಿಕೊಂಡು ಕೂತಿದ್ದರೆ ನಿಮ್ಮ ಮಾವ ಹೋದ ಮೇಲೆ ಮಂಡಕ್ಕಿ ಭಟ್ಟಿಯ ಬೆಂಕಿ ಅವತ್ತೇ ಆರುತ್ತಿತ್ತು ಎಂದೆ. ಅವಳು ಎದ್ದು ಹೋದಳು. ಆದರೆ ಕಣ್ಣಿಟ್ಟು ಕಾಯುತ್ತಿದ್ದಳು.

ಮದುವೆಯ ದಿನ ಬೆಳಗಾಗುತ್ತಲೇ ಮೈದುನನ ಮಗ ಸಂತೋಷ ಬಂದು ಗಾಡಿ ತೊಳೆದ. ನೀನು ಹೋದ ಮೇಲೆ ವಾರಕ್ಕೊಮ್ಮೆ ಅದನ್ನು ಹರಿಹರದ ದಾರಿಯ ಬಾತಿಯವರೆಗೆ ಓಡಿಸಿ ತರುತ್ತಿದ್ದವನು ಅವನೇ, ಇಲ್ಲೇ ಕರೂರಿನಲ್ಲಿ ಅವನು ಕೆಲಸ ಮಾಡುವ ಕಾರ್ಖಾನೆಗೆ ರಜೆ ಇರುವ ದಿನ. ಗಾಡಿ ಯಾವತ್ತೂ ತೊಂದರೆ ಕೊಟ್ಟಿರಲಿಲ್ಲ. ಅವನು ಗಾಡಿಯನ್ನು ಶೆಡ್ಡಿನಿಂದ ಅಂಗಳಕ್ಕೆ ತಂದ. ನಾನು ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟೆ. ಮುಂದೆ ಬಿಟ್ಟು ಹಣ್ಣು ತುಳಿಸಿದ. “ಆರ್ಸು, ಪೂಜೆ ಮಾಡ್ಬೇಕು” ಎಂದೆ. “ದೊಡ್ಡವ್ವ, ಚಾಲೂ ಇರ್ಲಿ. ಇದನ್ನ ಹಿಂಗೆ ತಣ್ಣಗಿದ್ದಾಗ ಆಫ್ ಮಾಡ್ಬಾರ್ದಂತೆ, ವಾಣಿ ಅತ್ತಿಗೆ ಹೇಳಿದ್ರು” ಎಂದ. ಗುರುಗುಟ್ಟುವ ಗಾಡಿಗೆ ವಿಭೂತಿ ಹಚ್ಚಿ ಕಾಯಿ ಒಡೆಯುವುದು ನಮ್ಮ ಮನೆಯಲ್ಲಿ ಇಲ್ಲ. ಅದೂ ಅಂಥ ದಿನ. “ಆರ್ಸು ಅಂದೆ” ಎಂದೆ. ಆರಿಸಿದ.

ಇದೇ ಮಾತನ್ನು ನೀನು ತವರಿಗೆ ಹೊರಟ ದಿನ ಗೇಟಿನ ಹತ್ತಿರ ನಿಂತು ನನಗೂ ಹೇಳಿದ್ದೆ. ಇದರ ಎಂಜಿನ್ನಿನಲ್ಲಿ ಪಿಸ್ಟನ್ ಇಲ್ಲ, ಮೂರು ಮೂಲೆಯ ಚಕ್ರ ತಿರುಗುತ್ತದೆ, ಮೂಲೆಗೆ ಎಣ್ಣೆಯ ಪಸೆ ಇದ್ದರೆ ಮಾತ್ರ ಬಿಗಿ ಹಿಡಿಯುತ್ತದೆ, ತಣ್ಣಗಿರುವಾಗ ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಬಿಸಿಯಾಗುವ ಮೊದಲೇ ಆರಿಸಿದರೆ ಉಳಿದ ಪೆಟ್ರೋಲು ಆ ಪಸೆಯನ್ನು ತೊಳೆದುಬಿಡುತ್ತದೆ ಎಂದು. ನಾನು ನಿನ್ನ ಕೈಯಲ್ಲಿದ್ದ ಬ್ಯಾಗನ್ನೇ ನೋಡುತ್ತಿದ್ದೆ. ಮಗ ಇಲ್ಲ, ಸೊಸೆ ಹೊರಟಿದ್ದಾಳೆ, ಹೇಳುತ್ತಿರುವುದು ಎಂಜಿನ್ನಿನ ವಿಷಯ. ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಆರತಿ ಮುಗಿಸಿ, ಸೆರಗಿನ ತುದಿಗೆ ಅಕ್ಷತೆ ಗಂಟು ಹಾಕಿಕೊಂಡು ಹತ್ತಿ ಕೂತೆ. ಸಂತೋಷ ಕೀಲಿ ತಿರುಗಿಸಿದ. ಎಂಜಿನ್ ಸುಮ್ಮನೆ ತಿರುಗಿತು, ಖಾಲಿ ಗ್ರೈಂಡರ್ ತಿರುಗಿದ ಹಾಗೆ. ಹಿಡಿಯಲಿಲ್ಲ. ಮತ್ತೆ ತಿರುಗಿಸಿದ, ಮತ್ತೆ. ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ತಿರುಗಿಸಿದಷ್ಟೂ ಇನ್ನಷ್ಟು ಪೆಟ್ರೋಲು ಒಳಗೆ ಸುರಿಯುತ್ತದೆ ಎಂದು ಅವನಿಗೂ ಹೊಳೆಯಲಿಲ್ಲ, ನನಗೂ ಇಲ್ಲ. ಕೊನೆಗೆ ಬ್ಯಾಟರಿಯೂ ಸೋತಿತು. ಅಕ್ಕಪಕ್ಕದವರು ಬಂದು ರಸ್ತೆಯ ತುದಿಯವರೆಗೆ ತಳ್ಳಿದರು, ಅಲ್ಲಿಂದ ವಾಪಸ್ಸು ತಳ್ಳಿದರು. ರೇಷ್ಮೆ ಸೀರೆ ಉಟ್ಟು ಒಳಗೆ ಕೂತವಳು ನಾನು. ಇಳಿಯಲಿಲ್ಲ.

ಹಳೇ ಪಿ.ಬಿ. ರಸ್ತೆಯ ಗ್ಯಾರೇಜಿನಿಂದ ಮಸ್ತಾನಸಾಬ್ ಬಂದ. ನಮ್ಮ ಭಟ್ಟಿಯ ಲಾರಿ ನೋಡಿಕೊಂಡವನು. ಬಾನೆಟ್ ಎತ್ತಿ ಬಗ್ಗಿ ನೋಡಿದ, ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ. “ಅಮ್ಮಾರೆ, ಎಂಜಿನ್ ಎಲ್ಲೈತ್ರಿ? ಇಲ್ಲೊಂದು ಅಕ್ಕಿ ಡಬ್ಬಿ ಐತೆ ಅಷ್ಟೇ” ಎಂದ. ಬೇರೆ ದಿನವಾಗಿದ್ದರೆ ನಗುತ್ತಿದ್ದೆನೇನೋ.

“ಅತ್ತಿಗೆಗೆ ಒಂದು ಫೋನ್ ಮಾಡ್ತೀನಿ ದೊಡ್ಡವ್ವ, ಅವ್ರಿಗೆ ಎಲ್ಲಾ ಗೊತ್ತೈತೆ” ಎಂದ ಸಂತೋಷ. “ಫೋನ್ ಮುಟ್ಟಿದ್ರೆ ನೋಡು” ಎಂದೆ. ನೀನೇ ಹೇಳು ವಾಣಿ. ಬಾಸಿಂಗ ಕಟ್ಟಿಕೊಂಡು ಕೂತ ಹುಡುಗಿಗೆ ಫೋನ್ ಮಾಡಿ, ಸತ್ತ ಗಂಡನ ಗಾಡಿ ಹೆಂಗೆ ಚಾಲೂ ಮಾಡೋದು ಎಂದು ಕೇಳುವುದಾ? ಅರುಣ್ ಕುಮಾರರ ಪಕ್ಕದಲ್ಲಿ ಕೂತು ನೀನು ಭೂಷಣನ ಮಾತು ನೆನೆಸಿಕೊಂಡು ನನಗೆ ಒಪ್ಪಿಸುವುದಾ? ಆ ಎಂಜಿನ್ ಬಲ್ಲವರು ಇಬ್ಬರೇ ಇದ್ದರು. ಒಬ್ಬ ಇಲ್ಲ. ಇನ್ನೊಬ್ಬಳನ್ನು ಅವತ್ತು ಕೇಳುವ ಹಾಗಿರಲಿಲ್ಲ.

“ಸ್ಕೂಟರ್‌ನಾಗೆ ಬಿಟ್ಟು ಬರ್ತೀನಿ, ಅರ್ಧ ತಾಸು” ಎಂದ. ಅದೂ ಬೇಡವೆಂದೆ. ಹಟ ಅನ್ನು. ಸ್ಕೂಟರಿನಲ್ಲಿ ಬಂದಿದ್ದರೆ ನಾನು ಮದುವೆಗೆ ಬಂದ ನೆಂಟರಲ್ಲಿ ಒಬ್ಬಳು. ನಾನು ಆಡಿದ ಮಾತು ಬೇರೆ ಇತ್ತು.

ಆಗ ಅಡಿಗೆಮನೆಯ ಕಿಟಕಿ ಕಣ್ಣಿಗೆ ಬಿತ್ತು. ಪುಣೆಯ ಯಾವನೋ ಶೋಕಿದಾರನ ಹತ್ತಿರ ಭೂಷಣ ಈ ಗಾಡಿ ಕೊಂಡು ತಂದ ವರ್ಷ ಇದು ಹೀಗೇ ಕೆಟ್ಟು ನಿಂತಿತ್ತು. ಅವತ್ತು ಅವನು ಪಕ್ಕದಲ್ಲಿ ಕೂತು ಬರೀ ಹೇಳುತ್ತಿದ್ದ, ಕೆಲಸ ಮಾಡಿದವಳು ನೀನು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿಯ ಬುಡದಲ್ಲಿ ಮಲಗಿದ್ದೆ. ಈ ಮನೆಯ ಸೊಸೆ ಬೀದಿಗೆ ಕಾಣುವ ಹಾಗೆ ಮೊಣಕೈತನಕ ಗ್ರೀಸು ಬಳಿದುಕೊಂಡಿದ್ದಾಳೆ ಎಂದು ನಾನು ಕಿಟಕಿಯಲ್ಲಿ ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಸಿಟ್ಟಿನಲ್ಲಿ ನೋಡಿದ್ದು ನನಗೆ ಮರೆಯುವುದಿಲ್ಲ. ನೀನು ಮೊದಲು ಏನು ಮುಟ್ಟಿದೆ, ಆಮೇಲೆ ಏನು ಬಿಚ್ಚಿದೆ, ಎಲ್ಲ ಕಣ್ಣೆದುರು ಬಂತು.

ಗಾಡಿಯಿಂದ ಇಳಿದೆ. “ಮೊದ್ಲು ಪೆಟ್ರೋಲ್ ಪಂಪಿಂದು ಫ್ಯೂಸ್ ತೆಗಿ” ಎಂದೆ. ಮಸ್ತಾನಸಾಬ್ ನನ್ನ ಮುಖ ನೋಡಿ, “ಅಮ್ಮಾರು ಯಾವಾಗ ಮೇಸ್ತ್ರಿ ಆದ್ರಿ?” ಎಂದ. “ಬಾಯಿ ಮುಚ್ಚಿ ತೆಗಿ” ಎಂದೆ. ತೆಗೆದ. ಮುಂದಿನ ಚಕ್ರ ಬಿಚ್ಚಿಸಿದೆ, ನೀನು ಬಿಚ್ಚಿದ ಕಡೆಯದೇ. ಅದರ ಹಿಂದೆ ನಾಲ್ಕು ಪ್ಲಗ್ಗು ಇದ್ದವು, ಮೇಲೆರಡು ಕೆಳಗೆರಡು. ಯಾವುದು ಎಲ್ಲಿಯದು ಎಂದು ಗುರುತು ಹಾಕಿಸಿದೆ. ನೀನು ಸುಣ್ಣದಲ್ಲಿ ಬೊಟ್ಟು ಇಟ್ಟಿದ್ದೆ, ನಾನು ಕುಂಕುಮದಲ್ಲಿ ಇಟ್ಟೆ. ಸಂತೋಷ ಗೆಳೆಯನ ಜೀಪು ತರಿಸಿ ಅದರ ಬ್ಯಾಟರಿಗೆ ವೈರು ಕೊಟ್ಟ. ಪ್ಲಗ್ಗಿಲ್ಲದೆ ಎಂಜಿನ್ ತಿರುಗಿಸಿದಾಗ ಆ ತೂತುಗಳಿಂದ ಪೆಟ್ರೋಲು ಚಿಮ್ಮಿ ಮಸ್ತಾನಸಾಬನ ಅಂಗಿ ತೊಯ್ದಿತು. “ಯಾ ಅಲ್ಲಾ, ಇದು ಉಗುಳ್ತೈತೆ” ಎಂದು ಹಿಂದೆ ಹಾರಿದ. ಅದು ನಿಂತ ಮೇಲೆ ಒಂದೊಂದು ತೂತಿಗೂ ಚಮಚದಷ್ಟು ಎಂಜಿನ್ ಆಯಿಲ್ ಬಿಡಿಸಿದೆ, ತೊಳೆದುಹೋದ ಪಸೆ ಮತ್ತೆ ಕೂಡಲಿ ಎಂದು.

ಪ್ಲಗ್ಗು ಒಣಗಿಸಲು ಅವತ್ತು ನೀನು ನನ್ನ ರೊಟ್ಟಿ ಹಂಚನ್ನು ಒಲೆಯ ಮೇಲಿಟ್ಟಿದ್ದೆ. ಅದಕ್ಕೇ ನಾನು ಎರಡು ದಿನ ಮಾತು ಬಿಟ್ಟಿದ್ದು. ಈಗ ನಾನೇ ಅದೇ ಹಂಚು ಕಾಯಿಸಿ, ಒರೆಸಿದ ಪ್ಲಗ್ಗುಗಳನ್ನು ಇಕ್ಕಳದಲ್ಲಿ ತಿರುವಿ ಹಾಕಿದೆ. ಅವು ಒಣಗುತ್ತಿದ್ದಾಗ ಗೋಡೆಯ ಗಡಿಯಾರದಲ್ಲಿ ಮುಹೂರ್ತದ ಹೊತ್ತು ಬಂತು. ನೋಡುತ್ತಾ ನಿಂತೆ. ದಾಟಿ ಹೋಯಿತು. ಸಂತೋಷ ಬಾಗಿಲಲ್ಲಿ ಬಂದು, “ಇನ್ನೇನ್ ಮಾಡೋದು ದೊಡ್ಡವ್ವ, ನಿಲ್ಸೋದಾ?” ಎಂದ. ಹಂಚನ್ನು ಇಕ್ಕಳದಲ್ಲಿ ಹಿಡಿದು ಅವನ ಕೈಗೆ ಕೊಟ್ಟೆ. “ಹಾಕ್ಸು ಹೋಗು” ಎಂದೆ.

ಪ್ಲಗ್ಗು ಕೂಡಿಸಿ, ಚಕ್ರ ಹಾಕಿ, ಫ್ಯೂಸು ಸಿಕ್ಕಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸಂತೋಷ ಕೀಲಿ ತಿರುಗಿಸಿದ. ಒಮ್ಮೆ ಕೆಮ್ಮಿತು. ಇನ್ನೊಮ್ಮೆ ತಿರುಗಿಸಿದಾಗ ಹಿಡಿಯಿತು. ಬಿಳಿಯ ಹೊಗೆ ಇಡೀ ಬೀದಿ ತುಂಬಿ, ಎದುರುಮನೆಯವರು ಕಿಟಕಿ ಹಾಕಿಕೊಂಡರು. ಬಿಸಿಯಾಗುವವರೆಗೆ ಕಾದೆವು. ಸೀರೆಗೆ ಎಣ್ಣೆ ತಾಗಿತ್ತು, ಬದಲಾಯಿಸಲಿಲ್ಲ.

ಹರಿಹರದ ಕಡೆ ಹೊರಟೆವು. ಗಾಡಿ ಚೆನ್ನಾಗಿಯೇ ಓಡಿತು, ಏನೂ ಆಗಿಲ್ಲವೆನ್ನುವ ಹಾಗೆ.

ಹರಿಹರಕ್ಕೆ ಬಂದಾಗ ಮಠದ ಮುಂದೆ ಪೆಂಡಾಲ್ ಬಿಚ್ಚುತ್ತಿದ್ದರು. ಆರಿಸಿದರೆ ಮತ್ತೆ ಹೊರಡುತ್ತದೋ ಇಲ್ಲವೋ ಎಂದು ಸಂತೋಷ ಗಾಡಿ ಚಾಲೂ ಇಟ್ಟು ಒಳಗೇ ಕೂತ. ನಾನು ಇಳಿದು ಹೋದೆ. ನೀವು ಸೇತುವೆ ದಾಟಿ ರಾಣೆಬೆನ್ನೂರಿಗೆ ಹೊರಟು ಸ್ವಲ್ಪ ಹೊತ್ತಾಗಿತ್ತಂತೆ. ನಿಮ್ಮಪ್ಪ, ಅವ್ವ ಕಳಿಸಲು ಜೊತೆಗೆ ಹೋಗಿದ್ದರು. ಅಕ್ಕನಾಗಮ್ಮ ಬೆಳಿಗ್ಗೆಯೇ ಬಂದು, “ಬಸವಣ್ಣೆಮ್ಮ ಬರಲ್ಲ ಬಿಡ್ರಿ, ಮನಸಾಗಿರ್ಲಿಕ್ಕಿಲ್ಲ” ಎಂದು ನಿನ್ನೆದುರೇ ಹೇಳಿದಳೆಂದು ಅಡಿಗೆಯ ಹೆಂಗಸಿನಿಂದ ಗೊತ್ತಾಯಿತು. “ಪಾಪ, ಮದುಮಗಳು ಅಕ್ಕಿಕಾಳು ಬೀಳೋತನಕ ಬಾಗ್ಲ ಕಡೇನೇ ನೋಡ್ತಿತ್ತವ್ವ” ಎಂದಳು ಆಕೆ. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

ಆ ಮಾತು ಕೇಳಿ ಬಂದ ಮೇಲೆ ಈ ಕಾಗದ ಬರೆಯದೆ ಇರಲು ಆಗಲಿಲ್ಲ.

ರಾಣೆಬೆನ್ನೂರಿಗೇ ಹೋಗೋಣವೆಂದ ಸಂತೋಷ. ಗಂಡನ ಮನೆಯ ಹೊಸಲಿಗೆ ಕಾಲಿಡುವ ದಿನ ಹಿಂದಿನ ಅತ್ತೆ ಬಂದು ಬಾಗಿಲಲ್ಲಿ ನಿಲ್ಲಬಾರದು. ಬೇಡವೆಂದೆ. ಒಳಗೆ ವೇದಿಕೆಯ ಮೇಲೆ ನೀವು ಕೂತಿದ್ದ ಮಣೆ ಇನ್ನೂ ಎತ್ತಿರಲಿಲ್ಲ. ಸೆರಗಿನ ಗಂಟು ಬಿಚ್ಚಿ ಆ ಎರಡು ಮಣೆಗೂ ಅಕ್ಷತೆ ಹಾಕಿದೆ. ಹೂವು ಗುಡಿಸುತ್ತಿದ್ದವನು ಪೊರಕೆ ಹಿಡಿದು ನನ್ನನ್ನೇ ನೋಡಿದ. ನೋಡಲಿ.

ಅಡಿಗೆಯವಳು ಹಿಂದಿನಿಂದ ಬಂದು, “ಹಂಗೇ ಹೋಗ್ಬ್ಯಾಡ್ರಿ, ಊಟಕ್ಕೆ ಕೂಡ್ರಿ, ಹೋಳಿಗೆ ಉಳ್ದಾವೆ” ಎಂದಳು. ಎಲೆ ಹಾಸಿ ನೀರು ಕೊಡುತ್ತಾ, “ಗಂಡಿನ ಕಡೆಯೋರೋ, ಹೆಣ್ಣಿನ ಕಡೆಯೋರೋ?” ಎಂದು ಕೇಳಿದಳು.

“ಹೆಣ್ಣಿನ ಕಡೆ” ಎಂದೆ.

ಖಾಲಿ ಪಂಕ್ತಿಯಲ್ಲಿ ಒಬ್ಬಳೇ ಕೂತು ನಿನ್ನ ಮದುವೆಯ ಊಟ ಮಾಡಿದೆ. ಎಲೆಯಲ್ಲಿ ಏನೂ ಬಿಡಲಿಲ್ಲ. ಮನಸ್ಸಿಲ್ಲದವರು ಹಾಗೆ ಉಣ್ಣುವುದಿಲ್ಲ, ಅದು ನಿನಗೆ ಗೊತ್ತಿರಬೇಕು.

ನಾಗರ ಪಂಚಮಿ ಹಬ್ಬಕ್ಕೆ ಕರೆಯಲು ಸಂತೋಷನನ್ನು ಕಳಿಸುತ್ತೇನೆ. ಮೊದಲು ಹರಿಹರದಲ್ಲಿ ನಿಮ್ಮವ್ವನ ಮನೆಯಲ್ಲಿ ಇದ್ದು, ಆಮೇಲೆ ಇಲ್ಲಿಗೆ ಬಾ. ಅಳಿಯಂದಿರನ್ನೂ ಕರೆದುಕೊಂಡು ಬಾ. ಹೌದು, ಅಳಿಯಂದಿರು ಎಂದೇ ಬರೆದಿದ್ದೇನೆ, ಹಾಗೆಯೇ ಅವರಿಗೆ ಓದಿ ಹೇಳು.

ನಿನ್ನ ಸಂಸಾರ ತುಂಬಿರಲಿ, ಮನೆಯಲ್ಲಿ ನಗು ಇರಲಿ. ಶಿವ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಇನ್ನೊಂದು ತವರಿನವಳು,
ಬಸವಣ್ಣೆಮ್ಮ