ತೆರೆಯ ಮೇಲಿಲ್ಲದ ಮುದುಕನ ವಿಷಯವಾಗಿ ಚಿತ್ರಮಂದಿರದ ವ್ಯವಸ್ಥಾಪಕರಿಗೆ

ಚಿತ್ರಮಂದಿರದ ಮಾನ್ಯ ವ್ಯವಸ್ಥಾಪಕರೇ,

ಕಳೆದ ಭಾನುವಾರ ಮಧ್ಯಾಹ್ನದ ಆಟದ ನಡುವೆ ನೀವು ನನ್ನನ್ನೂ ನನ್ನ ಸೋದರಮಾವನನ್ನೂ ಹೊರಗೆ ಕಳಿಸಿದಿರಿ. ನಿಮ್ಮ ಕಚೇರಿಯಲ್ಲಿ ಬರೆಸಿಕೊಂಡ ವಿಳಾಸಕ್ಕೆ ಮರುದಿನವೇ ಸಹಿ, ಮೊಹರು ಎರಡೂ ಇರುವ ಪತ್ರ ಬಂತು. ಅದರ ಪ್ರಕಾರ ನಾವಿಬ್ಬರೂ ಆರು ತಿಂಗಳು ನಿಮ್ಮ ಬಾಗಿಲು ದಾಟುವಂತಿಲ್ಲ. ಮೊದಲ ಕಾರಣ, ‘ಚಿತ್ರದಲ್ಲಿ ಇಲ್ಲದ ದೃಶ್ಯವನ್ನು ವಿವರಿಸಿ ಇತರ ಪ್ರೇಕ್ಷಕರ ದಾರಿ ತಪ್ಪಿಸಿದ್ದು.’ ಎರಡನೆಯದು, ‘ಪ್ರಚಾರ ಫಲಕಕ್ಕೆ ಹಾನಿ.’ ನಾನು ಸಾಹಿತ್ಯದಲ್ಲಿ ಪದವಿ ಪಡೆದು ಎರಡು ವರ್ಷವಾಯಿತು. ನನ್ನ ಕಲ್ಪನಾಶಕ್ತಿಯನ್ನು ಲಿಖಿತವಾಗಿ ಗುರುತಿಸಿದ ಮೊದಲ ಸಂಸ್ಥೆ ನಿಮ್ಮದು. ಅದಕ್ಕಾಗಿ ಮೊದಲು ಕೃತಜ್ಞತೆ, ಜಗಳ ಆಮೇಲೆ.

ನನ್ನ ಮಾವನಿಗೆ ನಾಲ್ಕು ವರ್ಷಗಳಿಂದ ಕಣ್ಣು ಕಾಣುವುದಿಲ್ಲ. ಅದಕ್ಕೂ ಮೊದಲು ಮೂವತ್ತು ವರ್ಷ ಅವರು ಸಿನಿಮಾ ಪ್ರೊಜೆಕ್ಟರ್ ನಡೆಸುತ್ತಿದ್ದರು. ಅಂಚೆಕಾರ್ಡಿನಷ್ಟು ಅಗಲದ ಕಿಂಡಿಯಿಂದ, ಯಂತ್ರದ ಸದ್ದಿನ ಪಕ್ಕದಲ್ಲಿ ನಿಂತು, ಒಂದೊಂದು ಚಿತ್ರವನ್ನೂ ನೂರಾರು ಸಲ ನೋಡಿದವರು. ಆ ಕಿಂಡಿ ಇರುವುದು ನಿಮ್ಮ ಚಿತ್ರಮಂದಿರದ ಮೇಲಿನ ಕೋಣೆಯಲ್ಲೇ. ನೀವು ಹೊಸಬರು, ನಿಮಗೆ ಗೊತ್ತಿರಲಿಕ್ಕಿಲ್ಲ. ಹೇಳಬೇಡ ಎಂದು ಭಾನುವಾರ ಮಾವ ನನ್ನ ಕೈ ಚಿವುಟಿದ್ದರು. ಟಿಕೆಟ್ ತೆಗೆದುಕೊಂಡು ಬಂದವನು ಟಿಕೆಟ್ ತೋರಿಸಬೇಕೇ ಹೊರತು ಹಳೆಯ ನೌಕರಿಯನ್ನಲ್ಲ ಎನ್ನುವುದು ಅವರ ನಿಲುವು. ಅವರ ಮಾತು ಮೀರಿ ಈಗ ಬರೆಯುತ್ತಿದ್ದೇನೆ.

ನಾನು ಬಾಯಿಲ್ಲದ ಹುಡುಗಿ. ಬಸ್ಸಿನಲ್ಲಿ ನನ್ನ ನಿಲ್ದಾಣ ಬಂದರೂ ‘ಇಳಿಯಬೇಕು’ ಎನ್ನಲು ನಾಲಿಗೆ ಏಳದೆ ಮುಂದಿನದರಲ್ಲಿ ಇಳಿದು ನಡೆದು ಬರುವವಳು. ಆದರೆ ತಿಂಗಳಿಗೆ ಎರಡು ಭಾನುವಾರ, ದೀಪ ಆರಿದ ಮೇಲೆ, ಕೊನೆಯ ಸಾಲಿನ ಮೂಲೆಯಲ್ಲಿ ಎರಡೂವರೆ ಗಂಟೆ ಬಿಡದೆ ಮಾತಾಡುತ್ತೇನೆ. ತೆರೆಯ ಮೇಲೆ ಏನು ಕಾಣುತ್ತದೋ ಅದನ್ನು ಮಾವನ ಕಿವಿಗೆ ಹೇಳುತ್ತೇನೆ. ಪಕ್ಕದ ಎರಡು ಕುರ್ಚಿ ಖಾಲಿ ಇರುವ ಆಟವನ್ನೇ ಆರಿಸುತ್ತೇವೆ. ನಿಮ್ಮಲ್ಲಿ ಖಾಲಿ ಕುರ್ಚಿಗೆ ಬರವಿಲ್ಲ.

ಈ ಸಲ ನೋಡಿದ್ದು ಬೆನ್ನಲ್ಲಿ ರೆಕ್ಕೆ ಮೂಡುವ ಆ ವೀರನ ಎರಡನೆಯ ಭಾಗ. ಮಾವ ಅವನನ್ನು ರೆಕ್ಕೆಯಣ್ಣ ಎನ್ನುತ್ತಾರೆ. ಚಿತ್ರದ ಗುಣದೋಷಗಳನ್ನು ನಿಮಗೆ ಹೇಳಲು ನನಗಿಂತ ಅರ್ಹರು ಸಿಗಲಾರರು. ನೀವು ಅದನ್ನು ಬರೀ ನೋಡಿದ್ದೀರಿ. ನಾನು ಅದನ್ನು ಮಾತಿನಲ್ಲಿ ಹೊತ್ತುಕೊಂಡು ಹೋಗಿದ್ದೇನೆ. ಹೊತ್ತವರಿಗೆ ತಾನೇ ತೂಕ ಗೊತ್ತಾಗುವುದು?

ಖಳನಾಯಕ ತನ್ನ ಸಂಚನ್ನು ಆರು ನಿಮಿಷ ನಿಂತು ವಿವರಿಸುತ್ತಾನೆ. ಪತ್ರಿಕೆಗಳೆಲ್ಲ ಇದನ್ನು ಹೀಯಾಳಿಸಿದವು. ಮಾವನಿಗೆ ಮಾತ್ರ ಇಡೀ ಚಿತ್ರದಲ್ಲಿ ಅವನೊಬ್ಬನೇ ಸಭ್ಯಸ್ಥ. ‘ಎಲ್ಲಿ ನಿಂತಿದೀನಿ, ಕೈಯಲ್ಲಿ ಏನಿದೆ, ಯಾರನ್ನ ಕೊಲ್ತೀನಿ, ಎಲ್ಲಾ ಬಾಯಿಬಿಟ್ಟು ಹೇಳ್ತಾನೆ ಪಾಪ. ನೀನು ಸ್ವಲ್ಪ ನೀರು ಕುಡಿ’ ಎಂದರು. ನಾನು ಕುಡಿದೆ.

ಮಧ್ಯಂತರಕ್ಕೆ ಮುಂಚೆ ಒಂದು ದೃಶ್ಯವಿದೆ. ಮೊದಲ ಭಾಗದಲ್ಲಿ ರೆಕ್ಕೆಯಣ್ಣನ ಅಂಗಿಗಳ ಬೆನ್ನನ್ನು ಸೀಳಿ, ರೆಕ್ಕೆ ಹೊರಬರಲು ಜಾಗ ಮಾಡಿ, ಗುಂಡಿ ಹೊಲಿದುಕೊಟ್ಟಿದ್ದು ಅವನ ತಾಯಿ. ಈಗ ತಾಯಿ ಇಲ್ಲ. ಕನ್ನಡಿಗೆ ಬೆನ್ನು ಮಾಡಿ, ಕತ್ತು ತಿರುಗಿಸಿ, ಅವನು ಗುಂಡಿ ಹಾಕಿಕೊಳ್ಳಲು ನೋಡುತ್ತಾನೆ. ಕೈ ಎಟುಕುವುದಿಲ್ಲ. ನಾಲ್ಕು ಸಲ ಪ್ರಯತ್ನಿಸುತ್ತಾನೆ. ಆಮೇಲೆ ಪಕ್ಕದ ಮನೆಯ ಬಾಗಿಲು ತಟ್ಟಿ, ತೆರೆದ ಮುದುಕಿಗೆ ಏನೂ ಹೇಳದೆ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಗುಂಡಿ ಹಾಕುತ್ತಾಳೆ. ಮಾತಿಲ್ಲ, ಸಂಗೀತವಿಲ್ಲ. ನಾನು ಇದನ್ನು ಹೇಳುವಾಗ ಮುಂದಿನ ಸಾಲಿನಲ್ಲಿ ಫೋನ್ ನೋಡುತ್ತಿದ್ದ ಹೆಂಗಸು ಫೋನ್ ಮಡಿಲಲ್ಲಿ ಮಗುಚಿಟ್ಟು ತಲೆ ಎತ್ತಿದರು. ಮಾವ ‘ಒಳ್ಳೆ ರೀಲು’ ಎಂದರು. ಈ ಎರಡು ನಿಮಿಷವನ್ನು ಚಿತ್ರಿಸಿದ ನಿರ್ದೇಶಕರೇ ಉಳಿದದ್ದನ್ನೂ ಚಿತ್ರಿಸಿದರು ಎಂದು ನಂಬುವುದು ಕಷ್ಟ.

ಏಕೆಂದರೆ ಮಧ್ಯಂತರದ ನಂತರ ಯುದ್ಧ. ಇಪ್ಪತ್ತೇಳು ನಿಮಿಷ. ಹಳೆಯ ಕಾವ್ಯಗಳ ಯುದ್ಧವರ್ಣನೆ ಓದಿಯೇ ಪರೀಕ್ಷೆ ಪಾಸು ಮಾಡಿದವಳು ನಾನು. ಅಲ್ಲಿ ಬೀಳುವ ಒಬ್ಬೊಬ್ಬನಿಗೂ ಒಂದು ಮುಖವಿರುತ್ತದೆ. ಇಲ್ಲಿ? ‘ಮಾವ, ಕಟ್ಟಡ ಬಿತ್ತು. ಇನ್ನೊಂದು ಬಿತ್ತು. ಸೇತುವೆ ಬಿತ್ತು. ರೆಕ್ಕೆಯಣ್ಣ ಎದ್ದ. ಕಟ್ಟಡ ಬಿತ್ತು.’ ನನ್ನ ಕ್ರಿಯಾಪದಗಳು ಖಾಲಿಯಾದವು. ಅಷ್ಟು ಕಿಟಕಿಗಳಲ್ಲಿ ಒಂದರಲ್ಲೂ ಒಬ್ಬ ಮನುಷ್ಯ ಇಣುಕುವುದಿಲ್ಲ. ಯಾರೂ ವಾಸವಿಲ್ಲದ ಊರನ್ನು ಉಳಿಸುವುದು ಯಾರಿಗಾಗಿ? ಮಾವನ ತಲೆ ನನ್ನ ಭುಜಕ್ಕೆ ವಾಲತೊಡಗಿತು.

ಆಗ ನಾನು ತಪ್ಪು ಮಾಡಿದೆ. ‘ಐದನೇ ಮಹಡಿ ಬಾಲ್ಕನಿಯಲ್ಲಿ ಒಬ್ಬ ಮುದುಕ ಇದಾನೆ ಮಾವ. ಕಟ್ಟಡ ಅಲ್ಲಾಡ್ತಿದೆ. ಅವನು ಮಾತ್ರ ಒಣಗಿದ ಬಟ್ಟೆ ಒಂದೊಂದೇ ತೆಗೆದು ಮಡಚ್ತಿದಾನೆ’ ಎಂದೆ. ಮಾವ ಎಚ್ಚರವಾಗಿ ನಕ್ಕರು. ನಗು ನಿಲ್ಲಿಸಿ, ‘ಇದು ಸಿನಿಮಾದಲ್ಲಿಲ್ಲ ಅಲ್ವೇನೇ?’ ಎಂದರು. ಹೇಗೆ ಗೊತ್ತಾಯಿತು ಎಂದು ಕೇಳಿದೆ. ‘ಸಿನಿಮಾದವ್ರಿಗೆ ಅಂಥಾ ಮುದುಕ ಸಿಕ್ಕಿದ್ರೆ ಹಿಂದೆ ಪಿಟೀಲು ಬಾರಿಸ್ದೆ ಬಿಡ್ತಿದ್ರಾ?’

ಮಾವನಿಗೆ ಗೊತ್ತಾದದ್ದು ಮುಂದಿನ ಸಾಲಿನ ಇನ್ನೊಬ್ಬ ಮಹನೀಯರಿಗೆ ಗೊತ್ತಾಗಲಿಲ್ಲ. ಎರಡೂ ಕಣ್ಣು ಸರಿಯಿರುವ ಅವರು ತೆರೆಯ ತುಂಬ ಆ ಮುದುಕನನ್ನು ಹುಡುಕಿದರು. ಸಿಗದಿದ್ದಾಗ ಎದ್ದು ನಿಂತು, ‘ಎಲ್ರೀ ಮುದುಕ?’ ಎಂದು ನನ್ನನ್ನೇ ಕೇಳಿದರು. ಆಮೇಲೆ ನಿಮ್ಮನ್ನು ಕರೆತಂದರು. ದೀಪ ಹೊತ್ತಿತು. ಇಡೀ ಸಭಾಂಗಣ ನನ್ನತ್ತ ತಿರುಗಿತು. ನನಗೆ ಮಾತು ಬರಲಿಲ್ಲ. ಬರುವುದಿಲ್ಲ.

ನಿಮ್ಮ ಎರಡನೆಯ ಆರೋಪಕ್ಕೆ ಉತ್ತರ ಚಿಕ್ಕದು. ನಿಮ್ಮ ಕಾವಲುಗಾರ ಮಾವನ ತೋಳು ಹಿಡಿದು ಸರಸರನೆ ನಡೆಸಿಕೊಂಡು ಹೋದ. ಪಡಸಾಲೆಯ ನಡುವೆ ನೀವು ನಿಲ್ಲಿಸಿದ್ದ ರಟ್ಟಿನ ರೆಕ್ಕೆಯಣ್ಣನಿಗೆ ಮಾವನ ಮೊಣಕೈ ತಾಗಿತು. ಜಗತ್ತನ್ನು ಎರಡು ಸಲ ಉಳಿಸಿದವನು ಅಂಗಾತ ಬಿದ್ದ. ಎರಡನೆಯ ಸಲ ಉಳಿಸಿದನೋ ಇಲ್ಲವೋ ನಮಗಂತೂ ಗೊತ್ತಿಲ್ಲ.

ಕಚೇರಿಯಲ್ಲಿ ನೀವು ಹೇಳಿದ್ದು ಹೀಗೆ: ‘ನೋಡಮ್ಮಾ, ಕಣ್ಣು ಕಾಣದವ್ರಿಗೆ ಸಿನಿಮಾ ಏನಕ್ಕೆ? ಮನೇಲಿ ಹಾಡು ಕೇಳ್ಕೊಂಡು ಇರಬಹುದಲ್ಲ.’ ಮಾವ ಸಿಟ್ಟಾಗಲಿಲ್ಲ. ‘ಸಾರ್, ಇನ್ನೂ ಹನ್ನೆರಡು ನಿಮಿಷ ಇತ್ತು’ ಎಂದರು, ಅಷ್ಟೇ. ರೀಲಿನ ಲೆಕ್ಕ ಅವರಿಗೆ ಮೈಗೆ ಹತ್ತಿದ್ದು. ಕಣ್ಣಿರುವವರಿಗೆ ಮಾತ್ರ ಸಿನಿಮಾ ಎನ್ನುವುದು ನಿಮ್ಮ ನಿಯಮವಾದರೆ, ಮಾನ್ಯರೇ, ಯುದ್ಧದುದ್ದಕ್ಕೂ ಗೊರಕೆ ಹೊಡೆದ ಆರನೆಯ ಸಾಲಿನವರನ್ನು ಏಕೆ ಕೂರಲು ಬಿಟ್ಟಿರಿ?

ಮನೆಗೆ ಬಂದ ಮೇಲೆ ಮಾವನನ್ನು ಸಮಾಧಾನಪಡಿಸಲು ಮೂರು ಅಂತ್ಯ ಕಟ್ಟಿ ಹೇಳಿದೆ. ಒಂದರಲ್ಲಿ ರೆಕ್ಕೆಯಣ್ಣ ಸಾಯುತ್ತಾನೆ. ‘ಮೂರನೇ ಭಾಗ ಬರಬೇಕಲ್ಲ, ಸಾಯಲ್ಲ ಬಿಡು’ ಎಂದರು ಮಾವ. ಇನ್ನೊಂದರಲ್ಲಿ ಅವನು ದರ್ಜಿಯಾಗುತ್ತಾನೆ. ಅದಕ್ಕೆ ಮಾವ ನಗಲೂ ಇಲ್ಲ. ಮೂರನೆಯದು ಮುಗಿಯುವ ಮೊದಲೇ ಅತ್ತೆ ಅಡುಗೆಮನೆಯಿಂದ, ನೋಡಿದವರನ್ನು ಯಾರನ್ನಾದರೂ ಕೇಳಿ ಹೇಳಬಾರದೇ ಎಂದರು. ಮಾವ ಬೇಡವೆಂದು ತಲೆಯಾಡಿಸಿದರು. ‘ಆಗಿಹೋದ ಕತೆ ಯಾರು ಬೇಕಾದ್ರೂ ಹೇಳ್ತಾರೆ. ನಂಗೆ ನಡೀತಿರುವಾಗ ಬೇಕು.’ ಅಂದಿನಿಂದ ಅವರು ಸಿನಿಮಾದ ಮಾತೇ ಎತ್ತಿಲ್ಲ. ಭಾನುವಾರಕ್ಕೆಂದು ಇಸ್ತ್ರಿ ಮಾಡಿಸಿಡುತ್ತಿದ್ದ ಅಂಗಿಯನ್ನು ಮಂಗಳವಾರ ತರಕಾರಿ ತರಲು ಹಾಕಿಕೊಂಡು ಹೋದರು. ನನ್ನನ್ನು ಈ ಪತ್ರ ಬರೆಯಲು ಕೂರಿಸಿದ್ದು ಅದು.

ಈ ಚಿತ್ರ ನಿಮ್ಮಲ್ಲಿ ಗುರುವಾರದವರೆಗೆ ಮಾತ್ರ ಇದೆ. ಅಷ್ಟರೊಳಗೆ ನಿಮ್ಮ ಆದೇಶವನ್ನು ಹಿಂತೆಗೆದುಕೊಳ್ಳಿ. ಗುರುವಾರ ಮಧ್ಯಾಹ್ನದ ಆಟಕ್ಕೆ ಕೊನೆಯ ಸಾಲಿನ ಮೂಲೆಯ ಎರಡು ಕುರ್ಚಿ ನಮಗೆ ಬಿಡಿ. ತೆರೆಯ ಮೇಲಿಲ್ಲದ ಒಂದು ಕಾಗೆಯನ್ನೂ ನಾನು ಹಾರಿಸುವುದಿಲ್ಲ. ನನ್ನ ಮೇಲೆ ನಂಬಿಕೆ ಇಲ್ಲವಾದರೆ ನನ್ನ ಮೇಲಿನ ನಿಷೇಧ ಹಾಗೇ ಇರಲಿ, ನಾನು ಹೊರಗೆ ಮೆಟ್ಟಿಲ ಮೇಲೆ ಕೂರುತ್ತೇನೆ. ಮಾವನನ್ನು ಒಳಗೆ ಕರೆದುಕೊಂಡು ಹೋಗಿ, ಪಕ್ಕದಲ್ಲಿ ಕೂತು, ನೀವೇ ಹೇಳಿ. ಅವರು ನಿಮ್ಮ ಮುಂಗೈ ಹಿಡಿದುಕೊಳ್ಳುತ್ತಾರೆ. ನೀವು ಸುಮ್ಮನಾಗಿ ಹತ್ತು ಸೆಕೆಂಡು ಕಳೆದರೆ ಒಂದು ಸಲ ಮೆಲ್ಲಗೆ ಒತ್ತುತ್ತಾರೆ. ಅಂದರೆ, ಈಗ ಏನು ಕಾಣುತ್ತಿದೆ ಎಂದು. ಆಗ ಸುಮ್ಮನಿರಲು ನಿಮ್ಮಿಂದಾದರೆ ನಿಮ್ಮ ಆರು ತಿಂಗಳನ್ನು ನಾನು ಮರುಮಾತಿಲ್ಲದೆ ಒಪ್ಪುತ್ತೇನೆ.

ಇಂತಿ,
ಎದುರಿಗೆ ನಿಂತಿದ್ದರೆ ಇದರಲ್ಲಿ ಒಂದು ವಾಕ್ಯವನ್ನೂ ಹೇಳಲಾಗದ
ನಿಮ್ಮ ಮಾಜಿ ಪ್ರೇಕ್ಷಕಿ