ಬೋಸ್ಟನ್ನಿನ ಚಹಾ, ಸುರೇಬಾನದ ಒಲೆ

ಜೂನ್ 24, ಬೆಳಿಗ್ಗೆ

ಬಸ್ಸು ಇವತ್ತೂ ತುಂಬಿ ಬಂತು. ಸುರೇಬಾನದಿಂದ ರಾಮದುರ್ಗದ ಕಾಲೇಜಿನವರೆಗೆ ನಿಂತೇ ಓದಿದೆ. ಕಾಗದಪತ್ರಗಳ ಮೇಲೆ ಬ್ರಿಟನ್ ಹಾಕಿದ ತೆರಿಗೆ, ಸ್ಟಾಂಪ್ ಆ್ಯಕ್ಟ್, ಮುಗೀತು. ಬಿಎ ಕೊನೆಯ ಸೆಮಿಸ್ಟರ್, ಅಮೆರಿಕದ ಇತಿಹಾಸ, ಜುಲೈ 9ಕ್ಕೆ ಪೇಪರ್. ಇದೊಂದು ದಾಟಿದರೆ ಬಿ.ಎಡ್.

ಗೆಳತಿ ಫಿರದೋಸ್ ಶೇಂಗಾ ತಿನ್ನುತ್ತಾ ಪ್ರಶ್ನೆ ಕೇಳಿದಳು. "ವಸಾಹತಿನವರು ಯಾಕ ಸಿಟ್ಟಾದ್ರು?" ತೆರಿಗೆ ಹೆಚ್ಚಾಗಿತ್ತು ಅಂದೆ. "ತಪ್ಪು. ಹೇಳದ ಕೇಳದ ಹಾಕಿದ್ರು. ಬ್ರಿಟನ್ ಪಾರ್ಲಿಮೆಂಟಿನ್ಯಾಗ ಇವರ ಕಡಿಯಾವರು ಒಬ್ಬರೂ ಇರಲಿಲ್ಲ." ತಲೆಯಲ್ಲಿ ಕೂತಿತು.

ಜೂನ್ 27

ಅಡುಗೆಮನೆಯಲ್ಲಿ ಜೋರಾಗಿ ಓದಿದೆ. ಅವ್ವ ರೊಟ್ಟಿ ಬಡಿಯುತ್ತಾ ಕೇಳಿದಳು. ಬೋಸ್ಟನ್ ಬಂದರು, 1773 — ತೆರಿಗೆ ಹಾಕಿದ್ದಕ್ಕೆ ವಸಾಹತಿನವರು ಹಡಗಿನ ಚಹಾವೆಲ್ಲ ಸಮುದ್ರಕ್ಕೆ ಚೆಲ್ಲಿದರು. ಪುಸ್ತಕದಲ್ಲಿ 'ಚಹಾಕೂಟ' ಅಂತಿದೆ.

"ಮಂದೀನ ಕೂಟಕ್ಕ ಕರದು ಚಾ ಚೆಲ್ಲಿದ್ರ?"

"ಬ್ಯಾಡಂತ ತೋರಸಾಕ ಚೆಲ್ಲಿದ್ರವ್ವಾ."

"ಬ್ಯಾಡಾದ್ರ ಒಲಿನ ಹಚ್ಚಬಾರದು. ಮಾಡಿದ ಚಾ ಚೆಲ್ಲತಾರೇನು?"

ಅದು ಬರೀ ಚಹಾಪುಡಿ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಬೋಸ್ಟನ್ನಿನವರ ಮೇಲೆ ಅವ್ವನಿಗೆ ಸಿಟ್ಟು.

ಜುಲೈ 3, ಮಧ್ಯಾಹ್ನ

ಇಷ್ಟು ದಿನ ಮನೆಯಲ್ಲಿ ಏನೋ ನಡೀತಿತ್ತು. ನನಗೆ ಯಾರೂ ಹೇಳಲಿಲ್ಲ. ಇವತ್ತು ಗೊತ್ತಾಯಿತು... ನಿಜಗುಣಪ್ಪ ಕಾಕಾ ಸವದತ್ತಿಯಲ್ಲಿ ಗಂಡು ಗೊತ್ತು ಮಾಡಿದ್ದಾನೆ. ಗೊಬ್ಬರದಂಗಡಿಯವರ ಮಗ. ಭಾನುವಾರ ಮಾತುಕತೆ. ನಿಶ್ಚಯ 9ಕ್ಕೆ. ಪೇಪರ್ ದಿನವೇ.

ಪರೀಕ್ಷೆ ಐತಿ ಅಂದೆ. ಕಾಕಾ ನಕ್ಕ. "ಸತ್ತ ಮಂದಿ ಕತಿ ಬರದು ಏನ್ ಮಾಡ್ತಿ ತಂಗಿ? ಗಂಡಿನ ಕಡಿಯಾವರಿಗೆ ಓದಿದಾಕಿ ಬೇಕಾಗಿಲ್ಲ."

ಅಪ್ಪ ತಲೆ ಕೆರೆದುಕೊಂಡ, ಅಷ್ಟೇ. ಸಿಟ್ಟು ಬಂತು. ಕಾಕಾನಿಗಿಂತ ಅಪ್ಪನ ಮೇಲೆ.

ಜುಲೈ 4

ಫಿರದೋಸ್ ಫೋನು. ಗಂಡಿನ ವಿಷಯ ಹೇಳಿದೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಇವತ್ತಿಗೆ ಎರಡೂವರೆ ನೂರು ವರ್ಷವಂತೆ. "ನಿಂದು ಯಾವಾಗ?" ಅಂದಳು. ನಾಳೆ ಅಂದೆ. ಅಂದುಬಿಟ್ಟೆ.

ಜುಲೈ 5, ಸಂಜೆ

ಒಳಗಿನ ಕೋಣೆಯಲ್ಲಿದ್ದೇನೆ. ಹೊರಗೆ ಇನ್ನೂ ಗದ್ದಲ.

ಪಡಸಾಲೆಯಲ್ಲಿ ಜಮಖಾನೆ ಹಾಸಿ ಹಿರಿಯರು ಕೂತಿದ್ದರು. ಹುಡುಗಿ ಒಳಗಿರಬೇಕು, ಕರೆದಾಗ ಚಹಾ ಒಯ್ಯಬೇಕು — ರೂಢಿ. ಕರೆಯುವ ಮೊದಲೇ ಬರಿಗೈಯಲ್ಲಿ ಹೋಗಿ ಜಮಖಾನೆಯ ಮೇಲೆ ಕೂತೆ.

"ನನ್ನ ಮಾತು ನಡದೈತಿ ಅಂದ್ರ ನಾನೂ ಇರಬೇಕಲ್ರಿ. ಒಂಬತ್ತಕ್ಕ ನಂದು ಪರೀಕ್ಷಾ ಐತಿ. ನಾ ಬರಿಯಾಕಿ."

ಕೂತಲ್ಲಿಂದ ಏಳಲಿಲ್ಲ.

ಸವದತ್ತಿಯವರು ಮುಖ ಮುಖ ನೋಡಿಕೊಂಡರು. ಕಾಕಾ ಕೆಂಪಾದ. "ಸಣ್ಣಾಕಿ, ಮನಸಿಗೆ ಹಚ್ಕೋಬ್ಯಾಡ್ರಿ. ವೈನಿ, ಮೊದಲ ಚಾ ತರ್ರಿ," ಅಂತ ಅವ್ವನಿಗೆ ಕೂಗಿದ. ಮನೆಗೆ ಬಂದವರನ್ನು ಚಹಾ ಕೊಡದೆ ಕಳಿಸುವುದು ನಮ್ಮ ಕಡೆ ಇಲ್ಲವೇ ಇಲ್ಲ. ವೈರಿಗೂ ಕೊಡುತ್ತೇವೆ.

ಅವ್ವ ಬಾಗಿಲಿಗೆ ಬಂದಳು. ಕೈಯಲ್ಲಿ ಏನೂ ಇಲ್ಲ. ಸೆರಗು ಸರಿಮಾಡಿಕೊಂಡು ನನ್ನ ಪಕ್ಕ ಕೂತಳು.

"ಒಲಿ ಹಚ್ಚಿಲ್ಲ," ಅಂದಳು.

ಸವದತ್ತಿಯವರು ಎದ್ದು ಹೋದರು. ಈಗ ಕಾಕಾ ಈ ಕೋಣೆಯ ಬಾಗಿಲು ಬಡಿಯುತ್ತಿದ್ದಾನೆ. ಅವ್ವ ಒಳಗಿನಿಂದ ಚಿಲಕ ಹಾಕಿ ಕೂತಿದ್ದಾಳೆ. "ಚಾ ಚೆಲ್ಲಿದ ಮ್ಯಾಲ ಆ ಬೋಸ್ಟನ್ ಮಂದಿ ಏನ್ ಮಾಡಿದ್ರು? ಪುಸ್ತಕ ತಗಿ, ಓದು."

1774ರಿಂದ ಓದಬೇಕು. ಬ್ರಿಟಿಷರು ಬೋಸ್ಟನ್ ಬಂದರನ್ನು ಮುಚ್ಚಿಸಿದರು, ಸೈನ್ಯ ತಂದು ನಿಲ್ಲಿಸಿದರು, ಆದರೂ ಬೋಸ್ಟನ್ನಿನವರು ಬಗ್ಗದೆ —