ಮಿರೇಯ್‌ಳ ಕೋಟು

ಘೆಂಟ್, ಭಾನುವಾರ ಸಂಜೆ, ೧೯೬೧

ಪ್ರೀತಿಯ ಸೊಲಾಂಜ್ ಅಕ್ಕ,

ಬೇಸಿಗೆಯಲ್ಲಿ ನೀನೂ ಈ ಕಡೆ ಬರುವವಳು, ಏನೇನು ನೋಡಬೇಕೆಂದು ಕೇಳಿದ್ದೆ. ಬ್ರಸೆಲ್ಸ್‌ನ ಮ್ಯೂಸಿಯಂಗಳಿಗೆ ಬೆಳಿಗ್ಗೆಯೇ ಹೋಗು, ಮಧ್ಯಾಹ್ನ ಕಾಲಿಡಲು ಜಾಗವಿರುವುದಿಲ್ಲ. ಘೆಂಟ್‌ನದು ಕಲ್ಲುಹಾಸಿನ ಬೀದಿ, ಹೈಹೀಲ್ಡ್ ಚಪ್ಪಲಿ ತರಬೇಡ. ಕಾಲುವೆ ದಂಡೆಯಲ್ಲೊಂದು ಪುಟ್ಟ ಮ್ಯೂಸಿಯಂ ಇದೆ. ಬಾಗಿಲಲ್ಲೇ ಕೋಟು ಬಿಚ್ಚಿ ಕೊಟ್ಟು ಬಿಲ್ಲೆ ಪಡೆಯಬೇಕು.

ಘೆಂಟ್ ತನಗೂ ಹೊಸತು ಎಂದಿದ್ದ ನನ್ನ ಗಂಡ ಗ್ಯಾಸ್ಪಾರ್. ಆದರೆ ಕೋಟು ಕಾಯುವ ಮುದುಕಿ ಅವನನ್ನು ಕಂಡೊಡನೆ ಗುರುತು ಹಿಡಿದಳು.

"ಏನ್ ಸ್ವಾಮಿ, ಅವತ್ತು ಹಿಮ ಬೀಳ್ತಿತ್ತು. ಮೇಡಂ ಜೊತೆ ಹಿಂದ್ಗಡೆ ಕಾಲುವೆ ನೋಡೋಕೆ ಹೋದ್ರಿ, ಒಬ್ರೇ ಬಂದು ನಿಮ್ ಕೋಟಷ್ಟೇ ತಗೊಂಡ್ ಹೋದ್ರಿ. ಅವರದು ಇನ್ನೂ ಇಲ್ಲೇ ತೂಗ್ತಿದೆ!"

ತಂದುಕೊಟ್ಟ ನೀಲಿ ಕೋಟಿನ ಕಾಲರಿನೊಳಗೆ ಮಿರೇಯ್ ಎಂದು ಹೊಲಿದಿತ್ತು. ತನ್ನ ಮೊದಲ ಹೆಂಡತಿ ಮಿರೇಯ್ ಲಿಯೋನ್ ಊರಿನ ಮನೆಯಿಂದಲೇ ಯಾರ ಜೊತೆಗೋ ಓಡಿಹೋದಳು ಎಂದಲ್ಲವೇ ಗ್ಯಾಸ್ಪಾರ್ ನಮಗೆ ಹೇಳಿದ್ದು?

ಅವನು ನಕ್ಕ. "ಮಿರೇಯ್ ಮರೆಗುಳಿ ಕಣೇ. ಹಾಕ್ಕೋ, ನಿಂಗೆ ಸರಿಯಾಗಿದೆ," ಎಂದು ಹೆಗಲಿಗೆ ಹೊದಿಸಿದ. ಸರಿಯಾಗಿಯೇ ಇದೆ.

ಸೋಮವಾರ ಇಲ್ಲಿನ ಮ್ಯೂಸಿಯಂಗಳಿಗೆ ರಜೆ, ನೆನಪಿಟ್ಟುಕೋ. ನಾಳೆ ಸೋಮವಾರ. ಯಾರೂ ಇರುವುದಿಲ್ಲ, ಆ ಮ್ಯೂಸಿಯಂ ಹಿಂದಿನ ಕಾಲುವೆ ಮೆಟ್ಟಿಲು ನಿಧಾನವಾಗಿ ನೋಡಬಹುದು ಎನ್ನುತ್ತಿದ್ದಾನೆ. ನನ್ನ ಗುರುತಿನ ಚೀಟಿ, ರೈಲು ಟಿಕೆಟ್ಟು ಅವನ ಜೇಬಿನಲ್ಲಿವೆ. ಅವನು ಸ್ನಾನಕ್ಕೆ ಹೋಗಿದ್ದಾನೆ. ಇದನ್ನು ಕೋಣೆ ಗುಡಿಸುವ ಹುಡುಗಿಯ ಕೈಲಿ ಕಳಿಸುತ್ತಿದ್ದೇನೆ.

ನನ್ನ ಕೆಂಪು ಕೋಟನ್ನು ಬೇಕೆಂದೇ ಮುದುಕಿಯ ಬಳಿ ಬಿಟ್ಟು ಬಂದೆ. ಅದರ ಬಿಲ್ಲೆ ಈ ಲಕೋಟೆಯಲ್ಲಿದೆ. ಗುರುವಾರದೊಳಗೆ ನಾನು ಮನೆಗೆ ಬಾರದಿದ್ದರೆ ನೀನೇ ಬಂದು ಬಿಡಿಸಿಕೋ. ಒಬ್ಬಳೇ ಬರಬೇಡ, ಪೊಲೀಸರ ಜೊತೆ ಬಾ.

ನಿನ್ನ ತಂಗಿ,
ಓದೀಲ್